ತುಮಕೂರಿನಿಂದ ಲಂಡನ್‌ಗೆ: ದೂರ ಎಂಟು ಸಾವಿರ, ಹೊತ್ತು ಎಷ್ಟು?

ಎದುರು ಮನೆ ಆಂಟಿ ಮೊನ್ನೆ ಸಂಜೆ ಫೋನ್ ಕೈಯಲ್ಲಿ ಹಿಡಿದೇ ಬಂದರು. ಮಗಳಿಗೆ ಈಗ ಏಳು ತಿಂಗಳು. ಹೆರಿಗೆ ಲಂಡನ್ನಿನಲ್ಲೇ. ಬಾಣಂತನಕ್ಕೆ ಗಂಡ ಹೆಂಡತಿ ಇಬ್ಬರೂ ಹೋಗಬೇಕು. ಅಳಿಯ ನಾಲ್ಕು ಟಿಕೆಟ್‌ಗಳ ಸ್ಕ್ರೀನ್‌ಶಾಟ್ ಕಳಿಸಿ “ಯಾವುದು ಬೇಕೋ ನೀವೇ ಹೇಳಿ ಅತ್ತೆ” ಅಂದಿದ್ದಾರೆ. ಒಂದು ನೇರ, ಒಂದು ದುಬೈ ಮೇಲೆ, ಒಂದು ಮುಂಬೈ ಮೇಲೆ, ಇನ್ನೊಂದು ಕೊಲಂಬೊ ಮೇಲೆ.

“ಎಂಟು ಸಾವ್ರ ಕಿಲೋಮೀಟ್ರಂತೆ ಕಣಮ್ಮಾ. ಯಾವುದ್ರಲ್ಲಿ ಹೋದ್ರೆ ದೂರ ಕಮ್ಮಿ?” ಅಂತ ಕೇಳಿದರು.

ಇದೇ ಪ್ರಶ್ನೆಯನ್ನು ಹೋದ ವರ್ಷ ಕೋಲಾರದ ನಮ್ಮ ಚಿಕ್ಕಮ್ಮ ಕೇಳಿದ್ದರು. ಅದಕ್ಕೂ ಮುಂಚೆ ಚಿಕ್ಕಬಳ್ಳಾಪುರದ ಒಬ್ಬ ಮೇಷ್ಟ್ರು. ಮಕ್ಕಳು ಇಂಗ್ಲೆಂಡಿನಲ್ಲಿ ಇರುವ ಮನೆ ಈಗ ಬೀದಿಗೊಂದು ಸಿಗುತ್ತದೆ. ಪ್ರತಿ ಸಲ ಬಾಯಲ್ಲಿ ಹೇಳುವ ಬದಲು ಒಮ್ಮೆ ಬರೆದಿಟ್ಟರೆ ಆಯಿತು ಅಂತ ಕೂತೆ.

ಮೊದಲು ಏನನ್ನು ತೂಗಬೇಕು

ಟಿಕೆಟ್ ಆ್ಯಪ್‌ಗಳು ಎರಡು ವಿಷಯವನ್ನು ಮಾತ್ರ ದಪ್ಪ ಅಕ್ಷರದಲ್ಲಿ ತೋರಿಸುತ್ತವೆ. ಒಂದು ದುಡ್ಡು, ಇನ್ನೊಂದು ಒಟ್ಟು ಗಂಟೆ. ಆ ಗಂಟೆ ಬೆಂಗಳೂರು ವಿಮಾನ ನಿಲ್ದಾಣದಿಂದ ಶುರುವಾಗುತ್ತದೆ. ನಮ್ಮ ಪ್ರಯಾಣ ಶುರುವಾಗುವುದು ಮನೆಗೆ ಬೀಗ ಹಾಕಿದಾಗ. ಅದಕ್ಕೇ ನಾನು ನೋಡುವ ಮೊದಲ ಲೆಕ್ಕ, ಈ ಮನೆ ಬಾಗಿಲಿನಿಂದ ಆ ಮನೆ ಬಾಗಿಲಿಗೆ ಎಷ್ಟು ಹೊತ್ತು.

ಎರಡನೆಯದು, ಎಷ್ಟು ಸಲ ಇಳಿದು ಹತ್ತಬೇಕು. ಮೂವತ್ತರ ಹುಡುಗನಿಗೆ ಇದು ಲೆಕ್ಕಕ್ಕೇ ಇಲ್ಲ. ಮಂಡಿ ನೋವಿನ ಅರವತ್ತೈದರ ತಾಯಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ಮೂರನೆಯದು, ಹೊರಡುವ ಮತ್ತು ತಲುಪುವ ಹೊತ್ತು. ಅಪರಾತ್ರಿಯಲ್ಲಿ ಮನೆ ಬಿಡುವುದು ಬೇರೆ, ತಿಂಡಿ ತಿಂದು ಹೊರಡುವುದು ಬೇರೆ. ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ: ನಡುವೆ ಎಡವಟ್ಟಾದರೆ ಯಾರು ನೋಡಿಕೊಳ್ಳುತ್ತಾರೆ? ಇಷ್ಟಾದ ಮೇಲೆ ದುಡ್ಡು. ಅದರಲ್ಲೂ ಬರೀ ಟಿಕೆಟ್ ದುಡ್ಡಲ್ಲ. ಬ್ಯಾಗು, ಎರಡೂ ಕಡೆಯ ಟ್ಯಾಕ್ಸಿ, ತಾರೀಖು ಬದಲಾಯಿಸುವ ಖರ್ಚು ಎಲ್ಲಾ ಸೇರಿಸಿ.

ದೂರ ಈ ಪಟ್ಟಿಯಲ್ಲೇ ಇಲ್ಲ, ನೋಡಿದಿರಾ? ಆಂಟಿಗೆ ಅದೇ ಬೇಜಾರು. ಹಾಗಾಗಿ ಅದನ್ನು ಮೊದಲು ಮುಗಿಸಿಬಿಡೋಣ.

ದೂರದ ಕಥೆ

ಸ್ಕೂಲಿನ ಗ್ಲೋಬ್ ತೆಗೆದುಕೊಳ್ಳಿ. ಬೆಂಗಳೂರಿನ ಮೇಲೆ ದಾರದ ಒಂದು ತುದಿ, ಲಂಡನ್ ಮೇಲೆ ಇನ್ನೊಂದು ತುದಿ ಇಟ್ಟು ಬಿಗಿಯಾಗಿ ಎಳೆಯಿರಿ. ಅದೇ ಅತಿ ಹತ್ತಿರದ ದಾರಿ. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಲಂಡನ್ನಿನ ಹೀಥ್ರೂ ನಿಲ್ದಾಣದವರೆಗೆ ಆ ದಾರದ ಉದ್ದ ಸುಮಾರು 8,050 ಕಿ.ಮೀ. ಈಗ ನಡುವೆ ಒಂದು ಕಡೆ ಇಳಿದು ಹೋದರೆ ಎಷ್ಟಾಗುತ್ತದೆ ನೋಡಿ:

ಮುಂಬೈ ಮೇಲೆ ಸುಮಾರು 8,050 ಕಿ.ಮೀ.
ಫ್ರಾಂಕ್‌ಫರ್ಟ್ ಮೇಲೆ 8,060
ದುಬೈ ಮೇಲೆ 8,190
ದೋಹಾ ಮೇಲೆ 8,280
ದೆಹಲಿ ಮೇಲೆ 8,440
ಕೊಲಂಬೊ ಮೇಲೆ 9,430

ಮೊದಲ ಸಲ ಈ ಲೆಕ್ಕ ಹಾಕಿದಾಗ ನಾನೇ ಎರಡು ಸಲ ಕೂಡಿಸಿ ನೋಡಿದೆ. ಮುಂಬೈ ಸರಿಯಾಗಿ ಆ ದಾರದ ಕೆಳಗೇ ಇದೆ. ಅಲ್ಲಿ ಇಳಿದು ಹತ್ತಿದರೆ ಒಂದು ಕಿಲೋಮೀಟರ್ ಕೂಡ ಸುತ್ತಾಗುವುದಿಲ್ಲ. ದುಬೈಯದು ಸುಮಾರು 150 ಕಿ.ಮೀ. ಸುತ್ತು, ತುಮಕೂರಿನಿಂದ ಚಿತ್ರದುರ್ಗಕ್ಕೆ ಹೋದಷ್ಟು ಅಂದುಕೊಳ್ಳಿ. ವಿಮಾನಕ್ಕೆ ಅದು ಹತ್ತು ನಿಮಿಷದ ಕೆಲಸ. ಕೊಲಂಬೊ ಒಂದೇ ನಿಜವಾಗಿ ಉಲ್ಟಾ ದಾರಿ. ವಾಯುವ್ಯಕ್ಕೆ ಹೋಗಬೇಕಾದವರು ಮೊದಲು ದಕ್ಷಿಣಕ್ಕೆ ಹೋಗಿ ಬರಬೇಕು.

ಇನ್ನೊಂದು ವಿಷಯ. ಆ ದಾರ ಪಾಕಿಸ್ತಾನ, ಇರಾನ್, ಕ್ಯಾಸ್ಪಿಯನ್ ಸಮುದ್ರ, ಕ್ರಿಮಿಯಾ, ಉಕ್ರೇನ್ ಮೇಲೆ ಹಾದುಹೋಗುತ್ತದೆ. ಗ್ಲೋಬಿನ ಮೇಲೆ ದಾರ ಎಳೆದ ಹಾಗೆ ಆಕಾಶದಲ್ಲಿ ಹೋಗಲು ಆಗಲ್ಲ. 2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾದಾಗ ಉಕ್ರೇನಿನ ಆಕಾಶ ಮುಚ್ಚಿತು. ಬ್ರಿಟನ್ನಿನ ವಿಮಾನಗಳಿಗೆ ರಷ್ಯಾದ ಆಕಾಶವೂ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಪಾಕಿಸ್ತಾನ ಬಾಗಿಲು ಹಾಕಿತು. ಹೀಗೆ ಬಾಗಿಲು ಬಿದ್ದಾಗಲೆಲ್ಲ ವಿಮಾನ ಸುತ್ತು ಹಾಕಿ ಹೋಗುತ್ತದೆ. ಯಾವ ಕಂಪನಿ, ಯಾವ ಊರಿನಿಂದ ಹೊರಟಿದೆ ಅನ್ನುವುದರ ಮೇಲೆ ಸುತ್ತು ಹೆಚ್ಚು ಕಡಿಮೆ. ಗೂಗಲ್ ಹೇಳುವ ಕಿಲೋಮೀಟರ್ ಹಿಡಿದು ಟಿಕೆಟ್ ಆರಿಸಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಗಾಳಿಯ ಆಟವೂ ಇದೆ. ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ. ನೇರ ವಿಮಾನ ಹೋಗುವಾಗ ಹತ್ತೂವರೆಯಿಂದ ಹನ್ನೊಂದು ಗಂಟೆ ತೆಗೆದುಕೊಂಡರೆ ಬರುವಾಗ ಹೆಚ್ಚುಕಡಿಮೆ ಒಂದು ಗಂಟೆ ಉಳಿಯುತ್ತದೆ.

ಗಡಿಯಾರದ ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ಟಿಕೆಟ್‌ನಲ್ಲಿ “ಹೊರಡುವುದು 7:00, ತಲುಪುವುದು 12:15” ಅಂತ ಇದ್ದರೆ ಐದು ಗಂಟೆ ಪ್ರಯಾಣ ಅಂತಲ್ಲ. ತಲುಪುವ ಹೊತ್ತು ಲಂಡನ್ ಗಡಿಯಾರದ್ದು. ಚಳಿಗಾಲದಲ್ಲಿ ಅವರು ನಮಗಿಂತ ಐದೂವರೆ ಗಂಟೆ ಹಿಂದೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ ಗಂಟೆ ಹಿಂದೆ. 12:15ಕ್ಕೆ ಐದೂವರೆ ಸೇರಿಸಿದರೆ ನಮ್ಮ ಸಂಜೆ 5:45. ಅಲ್ಲಿಗೆ ಪ್ರಯಾಣ ಹತ್ತೂ ಮುಕ್ಕಾಲು ಗಂಟೆ.

ನೇರ ವಿಮಾನ

ಬೆಂಗಳೂರಿನಿಂದ ಹೀಥ್ರೂಗೆ ಬ್ರಿಟಿಷ್ ಏರ್‌ವೇಸ್ ಹಳೇ ಎಚ್‌ಎಎಲ್ ನಿಲ್ದಾಣದ ಕಾಲದಿಂದ ಹಾರುತ್ತಿದೆ. 2024ರ ಮಾರ್ಚ್ ಕೊನೆಯಲ್ಲಿ ವರ್ಜಿನ್ ಅಟ್ಲಾಂಟಿಕ್ ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ಏರ್ ಇಂಡಿಯಾ ತನ್ನ ಲಂಡನ್ ವಿಮಾನವನ್ನು ಅಲ್ಲಿನ ಇನ್ನೊಂದು ನಿಲ್ದಾಣವಾದ ಗ್ಯಾಟ್‌ವಿಕ್‌ನಿಂದ ಹೀಥ್ರೂಗೆ ಬದಲಾಯಿಸಿತು. ದಿನ, ಸಮಯ ಸೀಸನ್‌ಗೆ ತಕ್ಕಂತೆ ಬದಲಾಗುತ್ತಿರುತ್ತವೆ. ಟಿಕೆಟ್ ತೆಗೆಯುವ ದಿನ ಇರುವುದನ್ನೇ ನಂಬಿ.

ತುಮಕೂರಿನಿಂದ ಬಾಗಿಲಿಗೆ ಬಾಗಿಲು ಲೆಕ್ಕ ಹಾಕೋಣ. ವಿಮಾನ ನಿಲ್ದಾಣಕ್ಕೆ ಎರಡು ಗಂಟೆ. ಮೂರು ಗಂಟೆ ಮುಂಚೆ ಅಲ್ಲಿರಬೇಕು. ವಿಮಾನದಲ್ಲಿ ಹನ್ನೊಂದು ಗಂಟೆ. ಇಳಿದ ಮೇಲೆ ಇಮಿಗ್ರೇಷನ್, ಬ್ಯಾಗು ಅಂತ ಒಂದೂವರೆ ಗಂಟೆ. ಅಲ್ಲಿಂದ ಲಂಡನ್ನಿನೊಳಗಿನ ಮನೆಗೆ ಒಂದು ಗಂಟೆ. ಒಟ್ಟು ಹದಿನೆಂಟೂವರೆ ಗಂಟೆ. ಇದಕ್ಕಿಂತ ಬೇಗ ಬೇರೆ ಯಾವ ದಾರಿಯಲ್ಲೂ ಆಗಲ್ಲ.

ಆದರೆ ಹೊತ್ತಿಗಿಂತ ದೊಡ್ಡ ಲಾಭ ಬೇರೆ ಇದೆ. ಹತ್ತಿದರೆ ಹತ್ತಿದ ಹಾಗೆ. ಬೋರ್ಡ್ ನೋಡಿ ಗೇಟ್ ಹುಡುಕುವುದು, ಇನ್ನೊಮ್ಮೆ ಬೆಲ್ಟು ಬಿಚ್ಚಿ ಸೆಕ್ಯುರಿಟಿ ದಾಟುವುದು, ಅಪರಿಚಿತ ಊರಲ್ಲಿ “ಎಕ್ಸ್‌ಕ್ಯೂಸ್ ಮಿ” ಅಂತ ಕೇಳುವುದು ಯಾವುದೂ ಇಲ್ಲ. ಮೊದಲ ಸಲ ವಿಮಾನ ಹತ್ತುವವರಿಗೆ, ಇಂಗ್ಲಿಷ್ ಬಾರದವರಿಗೆ, ಒಬ್ಬರೇ ಹೋಗುವ ಅಮ್ಮಂದಿರಿಗೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ನಡುವೆ ಬದಲಾವಣೆ ಇಲ್ಲವಾದ್ದರಿಂದ ಬ್ಯಾಗು ತಪ್ಪಿಹೋಗುವ ಭಯವೂ ಕಮ್ಮಿ.

ಎಡವಟ್ಟಿನ ವಿಷಯಕ್ಕೆ ಬಂದರೆ ಬ್ರಿಟನ್ನಿನಲ್ಲಿ ಒಂದು ಒಳ್ಳೆಯ ಕಾನೂನು ಇದೆ. ವಿಮಾನ ನಾಲ್ಕು ಗಂಟೆಗಿಂತ ಹೆಚ್ಚು ತಡವಾಗಿ ತಲುಪಿದರೆ, ತಪ್ಪು ಕಂಪನಿಯದೇ ಆಗಿದ್ದರೆ, ಇಷ್ಟು ದೂರದ ಪ್ರಯಾಣಕ್ಕೆ ತಲೆಗೆ 520 ಪೌಂಡ್ ಪರಿಹಾರ ಕೇಳಬಹುದು. ಮಂಜು, ಮಳೆ, ಯುದ್ಧ ಇದರಲ್ಲಿ ಬರಲ್ಲ. ಸೂಕ್ಷ್ಮ ಏನೆಂದರೆ, ಬೆಂಗಳೂರಿನಿಂದ ಹೋಗುವಾಗ ಈ ಹಕ್ಕು ಬ್ರಿಟನ್ ಅಥವಾ ಯುರೋಪಿನ ಕಂಪನಿಗಳಲ್ಲಿ ಮಾತ್ರ ಸಿಗುತ್ತದೆ. ಲಂಡನ್ನಿನಿಂದ ಹೊರಡುವಾಗ ಯಾವ ಕಂಪನಿಯಾದರೂ ಸರಿ.

ಕೊರತೆ ಏನು? ಒಂದು, ಬೆಲೆ. ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ಎರಡು, ಹನ್ನೊಂದು ಗಂಟೆ ಒಂದೇ ಕುರ್ಚಿ. ಶುಗರ್, ಕಾಲು ಊತ, ಪದೇ ಪದೇ ಬಾತ್‌ರೂಮಿಗೆ ಹೋಗುವ ತೊಂದರೆ ಇರುವವರಿಗೆ ಇದು ಸುಲಭ ಅಲ್ಲ. ದಾರಿ ಪಕ್ಕದ ಸೀಟೇ ಬೇಕು ಅಂತ ಮುಂಚೆಯೇ ಹಿಡಿದುಕೊಳ್ಳಿ, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ. ಕಿಟಕಿ ಪಕ್ಕ ಕೂತರೆ ಮೋಡ ಕಾಣುತ್ತೆ ನಿಜ, ಆದರೆ ಇಬ್ಬರನ್ನು ಎಬ್ಬಿಸಿ ಹೊರಗೆ ಬರಬೇಕು. ಮೂರನೆಯದು ಹೊತ್ತು. ಬೆಳಗ್ಗೆ ಏಳರ ವಿಮಾನ ಅಂದರೆ ನಾಲ್ಕಕ್ಕೆ ನಿಲ್ದಾಣದಲ್ಲಿರಬೇಕು, ಎರಡಕ್ಕೆ ತುಮಕೂರು ಬಿಡಬೇಕು. ಆ ರಾತ್ರಿ ನಿದ್ದೆ ಹೋದಂತೆಯೇ.

ದುಬೈ, ದೋಹಾ, ಅಬುಧಾಬಿ

ಗಲ್ಫ್ ದಾರಿಯಲ್ಲಿ ಪ್ರಯಾಣ ಎರಡು ತುಂಡಾಗುತ್ತದೆ. ದುಬೈಗೆ ನಾಲ್ಕು ಗಂಟೆ, ಅಲ್ಲಿಂದ ಲಂಡನ್‌ಗೆ ಏಳೂವರೆ. ನಡುವೆ ಎರಡೂವರೆ ಮೂರು ಗಂಟೆ ಕಾಯುವುದು. ಟಿಕೆಟ್ ಮೇಲೆ ಹದಿನಾಲ್ಕು ಗಂಟೆ ಆಸುಪಾಸು, ಬಾಗಿಲಿಗೆ ಬಾಗಿಲು ಇಪ್ಪತ್ತೆರಡು. ನೇರ ವಿಮಾನಕ್ಕಿಂತ ಮೂರು ನಾಲ್ಕು ಗಂಟೆ ಹೆಚ್ಚು, ಅಷ್ಟೇ. ಕಾಯುವ ಹೊತ್ತು ಒಂಬತ್ತು ಹತ್ತು ಗಂಟೆ ಇರುವ ಅಗ್ಗದ ಟಿಕೆಟ್‌ಗಳೂ ಬರುತ್ತವೆ. ವಯಸ್ಸಾದವರಿಗೆ ಅದನ್ನು ಕೊಡಿಸಬೇಡಿ ದಯವಿಟ್ಟು.

ಈ ದಾರಿಯ ಮುಖ್ಯ ಅನುಕೂಲ ಆಯ್ಕೆ. ಬೆಂಗಳೂರಿನಿಂದ ಗಲ್ಫ್ ಕಡೆಗೆ ದಿನಕ್ಕೆ ಹಲವು ವಿಮಾನ. ಬೆಳಗಿನ ಜಾವದ್ದು ಬೇಡ ಅಂದರೆ ಹೊತ್ತೇರಿದ ಮೇಲಿನದು, ಅದೂ ಬೇಡ ಅಂದರೆ ರಾತ್ರಿಯದು. ನಡುವೆ ಎದ್ದು ಕಾಲಾಡಿಸಲು ಸಿಗುವ ಎರಡು ಮೂರು ಗಂಟೆಯೂ ಕೆಲವರಿಗೆ ವರವೇ. ಎಮಿರೇಟ್ಸ್ 2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಎರಡು ಮಹಡಿಯ ಎ380 ತಂದಿತು. ಆ ವಿಮಾನ ಸಿಕ್ಕರೆ ಸ್ವಲ್ಪ ಹಾಯಾಗಿ ಕೂರಬಹುದು.

ಇನ್ನೂ ಒಂದು ಅನುಕೂಲ ಇದೆ, ಅದು ಆಂಟಿಯ ಪಾಲಿಗೆ ಲಾಟರಿ ಹೊಡೆದ ಹಾಗಾಯಿತು. ಮಾತಿನ ನಡುವೆ “ಮಗಳ ಮನೆ ಲಂಡನ್ನಿನಲ್ಲಿ ಯಾವ ಕಡೆ?” ಅಂತ ಕೇಳಿದೆ. “ಅದೇನೋ ಬರ್ಮಿಂಗ್‌ಹ್ಯಾಮ್ ಅಂತಾಳೆ ಕಣಮ್ಮಾ” ಅಂದರು. ನಮ್ಮ ಕಡೆ ಇಂಗ್ಲೆಂಡಿನಲ್ಲಿ ಎಲ್ಲಿದ್ದರೂ ಲಂಡನ್ನೇ, ಅಲ್ವಾ? ಹೀಥ್ರೂಯಿಂದ ಬರ್ಮಿಂಗ್‌ಹ್ಯಾಮ್‌ಗೆ ರಸ್ತೆಯಲ್ಲಿ ಸುಮಾರು 180 ಕಿ.ಮೀ. ಎರಡೂವರೆ ಮೂರು ಗಂಟೆ. ಮ್ಯಾಂಚೆಸ್ಟರ್ ಆದರೆ 300ಕ್ಕೂ ಹೆಚ್ಚು. ನೇರ ವಿಮಾನದಲ್ಲಿ ಉಳಿಸಿದ ಗಂಟೆಗಳೆಲ್ಲ ಅಲ್ಲಿನ ಹೆದ್ದಾರಿಯಲ್ಲಿ ಖರ್ಚಾಗಿಬಿಡುತ್ತವೆ. ದುಬೈಯಿಂದ ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ನ್ಯೂಕ್ಯಾಸಲ್, ಗ್ಲಾಸ್ಗೋಗಳಿಗೆ ಸೀದಾ ವಿಮಾನ ಇದೆ. ಅಳಿಯ “ನಾನೇ ಕಾರಲ್ಲಿ ಹೀಥ್ರೂಗೆ ಬರ್ತೀನಿ” ಅಂದಿದ್ದರಂತೆ. ಒಂಬತ್ತು ತಿಂಗಳ ಗರ್ಭಿಣಿಯನ್ನು ಮನೆಯಲ್ಲಿ ಬಿಟ್ಟು ಹೋಗಿ ಬರಲು ಆರು ಗಂಟೆ! ಮಕ್ಕಳ ಮನೆ ಯಾವ ಊರು, ಅದಕ್ಕೆ ಹತ್ತಿರದ ವಿಮಾನ ನಿಲ್ದಾಣ ಯಾವುದು ಅಂತ ಮೊದಲು ಕೇಳಿ. ಆಮೇಲೆ ಮಿಕ್ಕ ಮಾತು.

ತೊಂದರೆಗಳೂ ಇವೆ. ಆ ನಿಲ್ದಾಣಗಳು ಭಾರಿ ದೊಡ್ಡವು. ಒಂದು ಗೇಟಿನಿಂದ ಇನ್ನೊಂದಕ್ಕೆ ಅರ್ಧ ಗಂಟೆ ನಡೆಯಬೇಕಾಗಬಹುದು. ಇದಕ್ಕೆ ಮದ್ದು ವೀಲ್‌ಚೇರ್. “ನಾನೇನು ಕುಂಟೀನಾ?” ಅಂತ ನಮ್ಮ ಹಿರಿಯರು ಮುಖ ಸಣ್ಣ ಮಾಡುತ್ತಾರೆ. ಆದರೆ ವೀಲ್‌ಚೇರ್ ಜತೆ ಒಬ್ಬ ಮನುಷ್ಯನೂ ಬರುತ್ತಾನೆ. ಸಾಲು, ಗೇಟು, ಲಿಫ್ಟು ಎಲ್ಲಾ ಅವನ ತಲೆನೋವು. ದುಡ್ಡಿಲ್ಲ. ಹೊರಡುವ ಎರಡು ದಿನ ಮುಂಚೆಯಾದರೂ ಕಂಪನಿಗೆ ಹೇಳಿರಬೇಕು. ನಡೆಯಲು ಕಷ್ಟ ಇರುವವರು ನಾಚಿಕೆ ಬಿಟ್ಟು ಕೇಳಿ.

ಕಾಯುವ ಹೊತ್ತು ಒಂದೂವರೆ ಗಂಟೆ ಇರುವ ಟಿಕೆಟ್ ನೋಡಲು ಚೆಂದ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಹೊರಡುವವರು ಮಾತ್ರ ಹುಷಾರು. ನಂದಿಬೆಟ್ಟದ ಕಡೆಯಿಂದ ದೇವನಹಳ್ಳಿ ಸುತ್ತ ಮಂಜು ಕವಿದರೆ ವಿಮಾನ ತಡವಾಗುತ್ತದೆ, ಮುಂದಿನದು ಕೈ ತಪ್ಪುತ್ತದೆ. ಎರಡೂವರೆ ಗಂಟೆಗಿಂತ ಕಡಿಮೆ ಬೇಡ. ಮತ್ತೆ, ಆ ಕಡೆ ಜಗಳ ಶುರುವಾದರೆ ಎಲ್ಲಾ ನಿಂತುಹೋಗುತ್ತದೆ. 2025ರ ಜೂನ್‌ನಲ್ಲಿ ಕತಾರ್ ತನ್ನ ಆಕಾಶವನ್ನು ಕೆಲವು ಗಂಟೆ ಮುಚ್ಚಿದಾಗ ದೋಹಾದ ಮೇಲೆ ಹೋಗುವವರೆಲ್ಲ ಅಲ್ಲಲ್ಲೇ ಸಿಕ್ಕಿಕೊಂಡರು. ಟಿಕೆಟ್ ತೆಗೆಯುವ ವಾರ ಪೇಪರ್ ನೋಡಿ.

ಮುಂಬೈ, ದೆಹಲಿ

ಮುಂಬೈ ದಾರಿಯಲ್ಲಿ ಸುತ್ತಿಲ್ಲ ಅಂದೆ. ಹಾಗಾದರೆ ಅದೇ ಚೆನ್ನಾಗಿರಬೇಕಲ್ಲ? ಸುತ್ತಿಲ್ಲದಿದ್ದರೂ ಇಳಿಯುವುದು, ಕಾಯುವುದು, ಹತ್ತುವುದು ಇದ್ದೇ ಇದೆ. ಬಾಗಿಲಿಗೆ ಬಾಗಿಲು ಇದೂ ಇಪ್ಪತ್ತೆರಡು ಗಂಟೆಯ ಮೇಲೇ. ಅನುಕೂಲ ಅಂದರೆ ನಡುವಿನ ಊರು ನಮ್ಮ ದೇಶದ್ದು. ಹರಕು ಮುರುಕು ಹಿಂದಿಯಲ್ಲಿ ಸಂಭಾಳಿಸಬಹುದು, ಫೋನ್ ಕೆಲಸ ಮಾಡುತ್ತದೆ, ವಿಮಾನ ತಪ್ಪಿದರೂ ವಾಪಸ್ ಬರಬಹುದು. ದೆಹಲಿ ಮೇಲೆ ಹೋದರೆ 390 ಕಿ.ಮೀ. ಸುತ್ತು. ಪಾಕಿಸ್ತಾನದ ಆಕಾಶ ಮುಚ್ಚಿರುವಾಗ ಅಲ್ಲಿಂದ ಹೊರಡುವ ನಮ್ಮ ದೇಶದ ವಿಮಾನಗಳಿಗೆ ಇನ್ನಷ್ಟು ಸುತ್ತು. ಮುಂಬೈ, ದೆಹಲಿ ಎರಡರಲ್ಲಿ ಒಂದು ಅಂದರೆ ನಾನು ಮುಂಬೈ ಅನ್ನುತ್ತೇನೆ.

ಈ ದಾರಿಯಲ್ಲಿ ಜನ ಬೀಳುವ ಗುಂಡಿ ಒಂದಿದೆ. ನಾನೂ ಬಿದ್ದಿದ್ದೇನೆ. ಕೆಲವು ವರ್ಷದ ಹಿಂದೆ ಅಪ್ಪನನ್ನು ಕರೆದುಕೊಂಡು ಅಣ್ಣನ ಮನೆಗೆ ಹೊರಟಿದ್ದೆ. ಬೆಂಗಳೂರು–ಮುಂಬೈ ಒಂದು ಕಂಪನಿ, ಮುಂಬೈ–ಲಂಡನ್ ಇನ್ನೊಂದು ಕಂಪನಿ, ಎರಡನ್ನೂ ಬೇರೆ ಬೇರೆ ತೆಗೆದೆ. ದುಡ್ಡು ಉಳಿಯಿತು ಅಂತ ಖುಷಿಯೋ ಖುಷಿ. ಮೊದಲ ವಿಮಾನ ಎರಡು ಗಂಟೆ ತಡವಾಯಿತು. ಮುಂಬೈನಲ್ಲಿ ಇಳಿದು, ಬ್ಯಾಗು ತೆಗೆದುಕೊಂಡು, ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ರಸ್ತೆ ಮೇಲೆ ಟ್ಯಾಕ್ಸಿಯಲ್ಲಿ ಹೋಗುವ ಹೊತ್ತಿಗೆ ಕೌಂಟರ್ ಮುಚ್ಚಿತ್ತು. “ನಿಮ್ಮ ಮೊದಲ ವಿಮಾನಕ್ಕೂ ನಮಗೂ ಸಂಬಂಧ ಇಲ್ಲ ಮೇಡಂ” ಅಂದುಬಿಟ್ಟರು. ಅವರ ಮಾತು ಸರಿಯೇ. ಅಪ್ಪ ರಾತ್ರಿಯಿಡೀ ಕಬ್ಬಿಣದ ಕುರ್ಚಿಯ ಮೇಲೆ ಕೂತಿದ್ದರು. ಬೆಳಗ್ಗೆ ಹೊಸ ಟಿಕೆಟ್ ತೆಗೆದಾಗ ಉಳಿಸಿದ್ದರ ಮೂರು ಪಟ್ಟು ಹೋಯಿತು. ಒಂದೇ ಪಿಎನ್‌ಆರ್, ಅಂದರೆ ಒಂದೇ ಬುಕಿಂಗ್ ನಂಬರ್ ಇದ್ದರೆ ಮುಂದಿನ ವಿಮಾನ ತಪ್ಪಿದಾಗ ಇನ್ನೊಂದಕ್ಕೆ ಹತ್ತಿಸುವುದು ಕಂಪನಿಯ ಹೊಣೆ, ಬ್ಯಾಗೂ ಲಂಡನ್‌ವರೆಗೆ ತಾನೇ ಹೋಗುತ್ತದೆ. ಎರಡು ಪಿಎನ್‌ಆರ್ ಆದರೆ ಎಲ್ಲಾ ನಿಮ್ಮ ತಲೆ ಮೇಲೆ.

ಯುರೋಪ್ ಮತ್ತು ಕೊಲಂಬೊ

ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್ಸ್‌ಟರ್‌ಡ್ಯಾಮ್ ಮೇಲೆ ಹೋಗುವುದರಲ್ಲಿ ಸುತ್ತು ಕಮ್ಮಿ. ಆದರೆ ಹತ್ತು ಗಂಟೆ ಕೂತು ಸುಸ್ತಾದ ಮೇಲೆ ಇಳಿದು, ಮತ್ತೆ ಒಂದೂವರೆ ಗಂಟೆಯ ವಿಮಾನ ಹತ್ತಬೇಕು. ಊರ ಬಾಗಿಲಿಗೆ ಬಂದು ಬಸ್ ಬದಲಾಯಿಸಿದ ಹಾಗೆ. ಭಾರತದ ಪಾಸ್‌ಪೋರ್ಟ್‌ಗೆ ಅಲ್ಲಿ ಟ್ರಾನ್ಸಿಟ್ ವೀಸಾ (ನಡುವೆ ವಿಮಾನ ಬದಲಾಯಿಸಲು ಕೊಡುವ ವೀಸಾ) ಬೇಕೇ ಅಂತಲೂ ವಿಚಾರಿಸಿಕೊಳ್ಳಬೇಕು. ಬೇಕು ಅಂದರೆ ಈ ದಾರಿ ಬಿಟ್ಟುಬಿಡಿ. ಮಕ್ಕಳು ಇರುವ ಊರಿಗೆ ಸರಿಯಾದ ಸಣ್ಣ ವಿಮಾನ ಅಲ್ಲಿಂದ ಸಿಕ್ಕರೆ ಮಾತ್ರ ಯೋಚಿಸಬಹುದು.

ಕೊಲಂಬೊ ಅಗ್ಗಕ್ಕೆ ಸಿಗುವುದುಂಟು. 1,400 ಕಿ.ಮೀ. ಸುತ್ತು, ಎರಡನೇ ವಿಮಾನದಲ್ಲಿ ಹನ್ನೊಂದು ಗಂಟೆಗೂ ಹೆಚ್ಚು. ಓದಲು ಹೋಗುವ ಹುಡುಗರಿಗೆ, ಕೈಯಲ್ಲಿ ಹೊತ್ತು ಇದ್ದು ದುಡ್ಡು ಇಲ್ಲದವರಿಗೆ ಸರಿ.

ಒಂದೇ ವಿಮಾನ, ಮೂರು ಊರು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಮೂರೂ ಜಿಲ್ಲೆಗೆ ಅದೇ ದೇವನಹಳ್ಳಿಯ ವಿಮಾನ ನಿಲ್ದಾಣ. ಆದರೆ ಲೆಕ್ಕ ಒಂದೇ ಅಲ್ಲ. ಚಿಕ್ಕಬಳ್ಳಾಪುರದವರು ಪುಣ್ಯವಂತರು. ಬೆಂಗಳೂರಿನೊಳಗೆ ಕಾಲಿಡದೆ ಮುಕ್ಕಾಲು ಗಂಟೆಯಲ್ಲಿ ಟರ್ಮಿನಲ್ ಮುಂದೆ ಇರುತ್ತಾರೆ. ಅವರಿಗೆ ಬೆಳಗ್ಗೆ ಏಳರ ವಿಮಾನವೂ ಕಷ್ಟ ಅಲ್ಲ, ಮೂರಕ್ಕೆ ಎದ್ದರಾಯಿತು. ಮೇಷ್ಟ್ರಿಗೆ ನಾನು ನೇರ ವಿಮಾನವನ್ನೇ ಹೇಳಿದ್ದೆ.

ತುಮಕೂರಿನಿಂದ ಸುಮಾರು 80 ಕಿ.ಮೀ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋಗಿ. ಆ ರಸ್ತೆ ಅಗಲವಾದ ಮೇಲೆ ನೆಲಮಂಗಲ, ಗೊರಗುಂಟೆಪಾಳ್ಯ, ಹೆಬ್ಬಾಳದ ಜಾಮ್ ನಮಗೆ ಬೇಕಾಗಿಲ್ಲ. ಡ್ರೈವರ್ ಬೆಂಗಳೂರಿನವನಾದರೆ ಹಳೇ ಅಭ್ಯಾಸಕ್ಕೆ ಹೆಬ್ಬಾಳಕ್ಕೇ ಹೋಗುತ್ತಾನೆ, ಮೊದಲೇ ಹೇಳಿಬಿಡಿ. ಬಸ್ಸಿನಲ್ಲಿ ಹೋಗುವುದಾದರೆ ಮೆಜೆಸ್ಟಿಕ್‌ಗೆ ಹೋಗಿ ವಿಮಾನ ನಿಲ್ದಾಣದ ವಾಯುವಜ್ರ ಬಸ್ ಹಿಡಿಯಬಹುದು. ಎರಡು ದೊಡ್ಡ ಬ್ಯಾಗು ಇಟ್ಟುಕೊಂಡು ಅದು ಬೇಡ.

ಕೋಲಾರದವರಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ಆದರೆ ನರಸಾಪುರದ ಫ್ಯಾಕ್ಟರಿ ಶಿಫ್ಟ್ ಬಿಡುವ ಹೊತ್ತಿಗೆ, ಹೊಸಕೋಟೆ ಲಾರಿಗಳ ಹೊತ್ತಿಗೆ ಸಿಕ್ಕಿಕೊಂಡರೆ ಕಷ್ಟ. ಎರಡೂವರೆ ಗಂಟೆ ಇಟ್ಟುಕೊಳ್ಳಿ. ಕೆಜಿಎಫ್, ಬೇತಮಂಗಲದ ಕಡೆಯವರಿಗೆ ಹೊಸಕೋಟೆವರೆಗೆ ಹೊಸ ಎಕ್ಸ್‌ಪ್ರೆಸ್‌ವೇ ಸಿಗುತ್ತದೆ.

ದುಡ್ಡು

ನನ್ನ ಲೆಕ್ಕ ಹೀಗೆ. ನೇರ ವಿಮಾನ ತಲೆಗೆ ಹನ್ನೆರಡು ಸಾವಿರ ಜಾಸ್ತಿ ಇದೆ, ನಾಲ್ಕು ಗಂಟೆ ಉಳಿಸುತ್ತದೆ ಅಂದುಕೊಳ್ಳಿ. ಗಂಟೆಗೆ ಮೂರು ಸಾವಿರ ಆಯಿತು. ಆ ಗಂಟೆಗೆ ಅಷ್ಟು ಕೊಡುತ್ತೀರಾ? ಕೆಲಸಕ್ಕೆ ಹೋಗುವವರು ಕೊಡಬಹುದು. ರಿಟೈರ್ ಆದವರು ಬೇಡ ಅನ್ನಬಹುದು. ಆದರೆ ಇಂಗ್ಲಿಷ್ ಬಾರದ ಅಮ್ಮ ಒಬ್ಬರೇ ಹೊರಟಿದ್ದರೆ ಆ ಹನ್ನೆರಡು ಸಾವಿರ ಗಂಟೆಗಲ್ಲ, ನಿಮ್ಮ ನೆಮ್ಮದಿಗೆ ಕೊಡುವುದು.

ಬಾಣಂತನಕ್ಕೆ ಹೋಗುವವರು ತಾರೀಖು ಬದಲಾಯಿಸಲು ಬರುವ ಟಿಕೆಟ್ ತೆಗೆಯಿರಿ. ಡಾಕ್ಟರ್ ಕೊಟ್ಟ ತಾರೀಖಿಗೆ ಮಗು ಹುಟ್ಟಬೇಕು ಅಂತ ಏನೂ ಇಲ್ಲ. ವಾಪಸ್ ಬರುವ ದಿನವಂತೂ ಖಂಡಿತ ಬದಲಾಗುತ್ತದೆ. ಸಾಮಾನ್ಯ ವಿಸಿಟರ್ ವೀಸಾದಲ್ಲಿ ಒಂದು ಸಲಕ್ಕೆ ಆರು ತಿಂಗಳು ಇರಬಹುದು, ಅದರೊಳಗೆ ಬದಲಾಯಿಸಿಕೊಳ್ಳಿ. ಡಿಸೆಂಬರ್, ಜುಲೈ, ಆಗಸ್ಟ್ ಟಿಕೆಟ್ ಬೆಂಕಿ. ಇನ್ನು ಬ್ಯಾಗು: ಕೆಲವು ಕಂಪನಿಗಳಲ್ಲಿ 23 ಕೆಜಿಯಂತೆ ಎಣಿಕೆ, ಗಲ್ಫ್ ಕಂಪನಿಗಳಲ್ಲಿ ಒಟ್ಟು ತೂಕದ ಲೆಕ್ಕವೂ ಉಂಟು. ಯಾವುದಾದರೂ ಸರಿ, ಒಂದು ಬ್ಯಾಗು 32 ಕೆಜಿ ದಾಟಬಾರದು. ಅಗ್ಗದ ಟಿಕೆಟ್‌ಗೆ ಇನ್ನೊಂದು ಬ್ಯಾಗಿನ ದುಡ್ಡು ಸೇರಿಸಿದರೆ ಎಷ್ಟೋ ಸಲ ಅದು ಅಗ್ಗವೇ ಅಲ್ಲ.

ಊಟದ ಬಗ್ಗೆ ಒಂದು ಮಾತು. ಟಿಕೆಟ್ ತೆಗೆಯುವಾಗ “ಹಿಂದೂ ಮೀಲ್” ಅಂತ ಇದ್ದರೆ ಸಸ್ಯಾಹಾರ ಅಂದುಕೊಂಡು ಒತ್ತಬೇಡಿ. ಅದರಲ್ಲಿ ಕೋಳಿ, ಕುರಿ, ಮೀನು ಬರಬಹುದು. “ಏಷ್ಯನ್ ವೆಜಿಟೇರಿಯನ್” ಅಂತ ಇರುವುದನ್ನು ಆರಿಸಿ.

ಕೊಬ್ಬರಿ ವಿಚಾರ

ಆಂಟಿಯ ತವರು ತಿಪಟೂರು. ಬಾಣಂತಿಗೆ ಅಂತ ಐದು ಕೆಜಿ ಕೊಬ್ಬರಿ ಆಗಲೇ ಬಂದು ಕೂತಿದೆ. ವಿಮಾನದಲ್ಲಿ ಬಿಡಲ್ಲ ಅಂದೆ. ನಂಬಲೇ ಇಲ್ಲ. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿ ಅದು ಇದೆ. ತುಪ್ಪ, ಹಾಲಿನ ಸಿಹಿಗಳನ್ನು ಇಂಗ್ಲೆಂಡಿನವರು ಒಳಗೆ ಬಿಡುವುದಿಲ್ಲ. ಮಾವಿನಹಣ್ಣು, ಕರಿಬೇವಿಗೆ ನಿಯಮ ಏನಿದೆ ಅಂತ ಮೊದಲೇ ವಿಚಾರಿಸಿಕೊಳ್ಳಿ, ಶ್ರೀನಿವಾಸಪುರದ ಹಣ್ಣು ಕಟ್ಟಿಕೊಳ್ಳುವುದು ಆಮೇಲೆ. ರಾಗಿ ಹುರಿಹಿಟ್ಟು, ಒಣಶುಂಠಿ ಪುಡಿ, ಮೆಂತ್ಯದ ಹಿಟ್ಟು ಆರಾಮಾಗಿ ಹೋಗುತ್ತವೆ. ಶುಗರ್, ಬಿಪಿ ಮಾತ್ರೆ, ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಡಾಕ್ಟರ್ ಚೀಟಿ ಜತೆಗೆ.

ಕೊನೆಗೆ ಆಂಟಿ ಮನೆಯಲ್ಲಿ ನಾಲ್ಕು ಸ್ಕ್ರೀನ್‌ಶಾಟ್‌ಗಳನ್ನೂ ಬದಿಗಿಟ್ಟರು. ಅಳಿಯ ಐದನೆಯದು ಹುಡುಕಿ ಕಳಿಸಿದರು: ಬೆಂಗಳೂರು, ದುಬೈ, ಬರ್ಮಿಂಗ್‌ಹ್ಯಾಮ್. ಒಂದೇ ಪಿಎನ್‌ಆರ್, ನಡುವೆ ಮೂರು ಗಂಟೆ, ಅಂಕಲ್‌ಗೆ ಬೇಡ ಬೇಡ ಅಂದರೂ ವೀಲ್‌ಚೇರ್. ವಿಮಾನ ಹೊರಡುವುದು ಬೆಳಗ್ಗೆ ಹತ್ತರ ಮೇಲೆ, ಹಾಗಾಗಿ ಐದಕ್ಕೆ ಮನೆ ಬಿಟ್ಟರೆ ಸಾಕು. ಅಷ್ಟು ಹೊತ್ತಿಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಸಿಗುತ್ತಾ ಅಂತ ಅಂಕಲ್ ಈಗಿನಿಂದಲೇ ವಿಚಾರಿಸುತ್ತಿದ್ದಾರೆ. ಕೊಬ್ಬರಿ ಚೀಲ ಇನ್ನೂ ಜಗಲಿ ಮೇಲೇ ಇದೆ.